ಬಲಿತ ಹೆಸರು

ಮನೆಗೆಲಸಕ್ಕೆ ಬರುವವರನ್ನು ಏನೆಂದು ಕರೆಯಬೇಕು ಎನ್ನುವುದು ನಮ್ಮೂರಲ್ಲಿ ಸಣ್ಣ ಸಂಗತಿಯಲ್ಲ. ಮಾತು ಎಳೆಯದಾಗಿರುವ ತನಕ ಏನೂ ಆಗುವುದಿಲ್ಲ. ನಾಲ್ಕಾರು ವರ್ಷ ಬಾಯಿಂದ ಬಾಯಿಗೆ ತಿರುಗಿ ತಿರುಗಿ ಅದು ಬಲಿಯುತ್ತದೆ. ಬಲಿತ ಮೇಲೆ ಯಾರು ಅಂದರೋ ಅವರ ಕೈಗೆ, ಹತ್ತಿರದಲ್ಲಿ ಮಾಡದೆ ಬಿದ್ದಿರುವ ಕೆಲಸ ಬಂದು ಅಂಟಿಕೊಳ್ಳುತ್ತದೆ. ಕಸಬರಿಗೆ ಇದ್ದರೆ ಕಸಬರಿಗೆ, ಎಂಜಲು ಗಂಗಾಳ ಇದ್ದರೆ ಗಂಗಾಳ. ಕೆಲಸ ಮುಗಿಯುವ ತನಕ ಬಿಡುವುದಿಲ್ಲ. ಎಣ್ಣೆ ಹಚ್ಚಿದರೂ ಅಷ್ಟೆ, ಇಬ್ಬರು ಹಿಡಿದು ಎಳೆದರೂ ಅಷ್ಟೆ. ಬಲಿತ ಮಾತಿಗೆ ಕಣ್ಣಿಲ್ಲ ಎಂದು ನನ್ನ ಅಜ್ಜಿ ಅನ್ನುತ್ತಿದ್ದಳು. ಅಂದವನು ಸಾಹುಕಾರನೋ ಸನ್ಯಾಸಿಯೋ ಅದು ನೋಡುವುದಿಲ್ಲ. ಹಿಂದೊಮ್ಮೆ ಪರಊರಿನ ಒಬ್ಬ ಅಧಿಕಾರಿ ಜಮೀನು ಅಳೆಯಲು ಬಂದು, ಯಾರದೋ ಪಡಸಾಲೆಯಲ್ಲಿ ಕೂತು, ಬಾಯಿಗೆ ಬಂದಂತೆ ಹಳೆಯ ಮಾತೊಂದನ್ನು ಅಂದುಬಿಟ್ಟ. ರುಬ್ಬುಗುಂಡು ಕೈಗೆ ಅಂಟಿತು. ಅವನು ಟೋಪಿ ತೆಗೆದಿಟ್ಟು ಮಧ್ಯಾಹ್ನದ ತನಕ ರುಬ್ಬಿದ. ಚಟ್ನಿ ಚೆನ್ನಾಗಿಯೇ ಬಂದಿತ್ತು ಎಂದು ಉಂಡವರು ಹೇಳುತ್ತಾರೆ.

ಬರೆದರೆ ಅಂಟುವುದಿಲ್ಲ, ಬಾಯಿಂದ ಅಂದರೇ ಅಂಟುವುದು. ಹಾಗಾಗಿ ಇಲ್ಲಿ ಹೇಳಬಹುದು. ‘ತೊತ್ತು’ ಎಂಬುದು ನನ್ನ ಅಜ್ಜಿಯ ಅಜ್ಜಿಯ ಕಾಲಕ್ಕೇ ಬಲಿತು ಹೋಗಿತ್ತು. ‘ಆಳು’ ಎಂಬುದು ಅಜ್ಜಿ ಮದುವೆಯಾಗಿ ಬಂದ ವರ್ಷ ಬಲಿಯಿತು. ನಾನು ಪರಕಾರ ಉಡುವ ಹುಡುಗಿಯಾದ ಹೊತ್ತಿಗೆ ‘ಕೆಲಸದಾಕಿ’ ನಡೆಯುತ್ತಿತ್ತು. ಅದು ಒಂದು ಸೋಮವಾರ ಒಮ್ಮೆಲೇ ಬಲಿತು, ಊರಿನ ಅರ್ಧ ಹೆಂಗಸರು ಅವತ್ತು ಮುಸುರೆ ತಿಕ್ಕುತ್ತ ಸಂಜೆ ಮಾಡಿದರು. ಆಮೇಲೆ ದೊಡ್ಡವರೆಲ್ಲ ಕಟ್ಟೆಯ ಮೇಲೆ ಕೂತು, ಪ್ರೀತಿಯ ಮಾತು ಬೇಗ ಬಲಿಯಲಾರದು ಎಂದು ಎಣಿಸಿ, ‘ಚಿಗವ್ವ’ ಅನ್ನೋಣ ಎಂದರು. ನಮ್ಮನಿ ಚಿಗವ್ವ ಬಂದಳು, ನಿಮ್ಮನಿ ಚಿಗವ್ವ ಹೋದಳು ಎಂದು ಎರಡು ವರ್ಷ ನಡೆಯಿತು. ಎರಡೇ ವರ್ಷ. ಆಗ ಫಜೀತಿಗೆ ಬಿದ್ದವರು ನಿಜವಾದ ಚಿಗವ್ವಂದಿರು. ಅವ್ವನ ತಂಗಿಯನ್ನು ಕರೆಯುವುದಕ್ಕೆ ಯಾರಿಗೂ ಧೈರ್ಯವಿಲ್ಲ. ‘ಅವ್ವನ ಬೆನ್ನಿಗೆ ಬಿದ್ದಾಕಿ ಬಂದಾಳ’ ಎಂದು ಸುತ್ತಿ ಬಳಸಿ ಹೇಳುವುದಾಯಿತು. ಆ ಮಾತನ್ನು ತಿರುಗಿ ಎಳೆಯದು ಮಾಡಿದವಳು ನೇಕಾರ ಓಣಿಯ ಒಂದು ತಾಯಿಯಿಲ್ಲದ ಹುಡುಗಿ. ಚಿಗವ್ವನ ಸೆರಗು ಹಿಡಿದು ಬೆಳೆದ ಕೂಸು ಅದು, ಯಾರು ಬೈದರೂ ಕೇಳದು. ದಿನಕ್ಕೆ ನೂರು ಸಲ ಚಿಗವ್ವಾ ಅನ್ನುವುದು, ಕೈಗೆ ಅಂಟಿದ ಚಮಚವನ್ನು ತೊಳೆದಿಟ್ಟು ಮತ್ತೆ ಚಿಗವ್ವಾ ಅನ್ನುವುದು. ವರ್ಷದ ಮೇಲೆ ಒಂದು ದಿನ ಕರೆದರೆ ಏನೂ ಅಂಟಲಿಲ್ಲ. ಊರು ಅದನ್ನು ಮರೆಯಿತು. ನಾನು ಮರೆಯಲಿಲ್ಲ.

ನನ್ನ ಹೆಸರು ತಿಪ್ಪವ್ವ. ನನ್ನ ಅವ್ವ ಮೂರು ಕೂಸು ಹೆತ್ತು ಮೂರನ್ನೂ ಕಳಕೊಂಡಿದ್ದಳು. ನಾಲ್ಕನೆಯದಕ್ಕೆ ನಾನು ಹುಟ್ಟಿದಾಗ ಅಜ್ಜಿ ನನ್ನನ್ನು ತಿಪ್ಪೆಯ ಮೇಲೆ ಒಂದು ಸಲ ಉರುಳಿಸಿ, ಒಂದು ಮೊರ ತೌಡಿಗೆ ನೆರೆಮನೆಯವಳಿಗೆ ಮಾರಿ, ಅದೇ ತೌಡು ಕೊಟ್ಟು ತಿರುಗಿ ತಂದು ಈ ಹೆಸರಿಟ್ಟಳು. ಕೀಳು ಹೆಸರಿನ ಕೂಸನ್ನು ಯಮ ಕಣ್ಣೆತ್ತಿ ನೋಡುವುದಿಲ್ಲ ಎಂದು ನಂಬಿಕೆ. ಅವನು ಇವತ್ತಿನವರೆಗೂ ನೋಡಿಲ್ಲ, ಅಜ್ಜಿ ಗಟ್ಟಿಯಾಗಿಯೇ ಉರುಳಿಸಿರಬೇಕು.

ಕಲ್ಲಂಗಳದ ಮನೆಯಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಸಾಹುಕಾರ ರಾಚಪ್ಪನವರ ಮನೆ ಅದು; ಯಜಮಾನತಿ ಶಿವಗಂಗಕ್ಕ. ನಾನು ಸೇರಿದಾಗ ಊರಲ್ಲಿ ‘ಮನಿಗೆ ಬರೋರು’ ಎಂಬ ಮಾತು ಇತ್ತು. ಅದು ಬಲಿತ ಮೇಲೆ ಶಾಲೆಯ ವಿರೂಪಣ್ಣ ಮಾಸ್ತರರು ‘ಸಹಾಯಕಿ’ ಎಂಬುದನ್ನು ಹುಡುಕಿ ಕೊಟ್ಟರು. ಪುಸ್ತಕದ ಮಾತು, ಒಣಗಿದ್ದು, ಇದು ಬಲಿಯುವುದಕ್ಕೆ ಐವತ್ತು ವರ್ಷ ಬೇಕು ಎಂದು ಮಾಸ್ತರರು ಹೇಳಿದ್ದರು. ಒಂಬತ್ತು ವರ್ಷಕ್ಕೆ ಅವರ ಹೆಂಡತಿಯ ಕೈಗೇ ಒನಕೆ ಅಂಟಿತು. ಮಾಸ್ತರರು ನಾಚಿಕೆಯಿಂದ ಎರಡು ವಾರ ಕಟ್ಟೆಯ ಕಡೆ ಬರಲಿಲ್ಲ.

ಊರು ಹೊಸ ಮಾತಿಗಾಗಿ ಕಾಯುತ್ತಿದ್ದಾಗಲೇ ನನ್ನ ಹೆಸರು ಸುದ್ದಿಯಿಲ್ಲದೆ ಒಳಗೆ ಬಂದದ್ದು. ಯಾರೂ ಕೂತು ನಿರ್ಧರಿಸಲಿಲ್ಲ. ಹೆಂಗಸರು ನೀರಿನ ಕಟ್ಟೆಯಲ್ಲಿ, ‘ಶಿವಗಂಗಕ್ಕಗ ತಿಪ್ಪವ್ವ ಸಿಕ್ಕಾಳ, ನಮಗೂ ಒಬ್ಬಾಕಿ ತಿಪ್ಪವ್ವನಂಥಾಕಿ ಸಿಕ್ಕರ ಸಾಕು’ ಅನ್ನುತ್ತಿದ್ದರು. ಮುಂದೆ ‘ಅಂಥಾಕಿ’ ಬಿದ್ದು ಹೋಯಿತು. ‘ನಿಮ್ಮನಿ ತಿಪ್ಪವ್ವ ಬಂದಳೇನು?’ ‘ಇಲ್ಲವಾ, ನಮ್ಮ ತಿಪ್ಪವ್ವಗ ಜ್ವರ.’ ದರ್ಜಿಯವರ ಮನೆಗೆ ಕಸ ಮುಸುರೆಗೆ ಹೋಗುತ್ತಿದ್ದ ರತ್ನಾ ಎಂಬ ಹುಡುಗಿ ಒಂದು ದಿನ ಓಣಿಯಲ್ಲಿ ನನ್ನನ್ನು ಅಡ್ಡಗಟ್ಟಿ, “ಏನಬೇ ಯಕ್ಕಾ, ನಿನ್ನ ಹೆಸರು ನನಗ್ಯಾಕ ಹಚ್ಯಾರ? ನಮ್ಮಪ್ಪ ಚಂದಾಗಿ ರತ್ನಾ ಅಂತ ಇಟ್ಟಾನ” ಎಂದು ಜಗಳಕ್ಕೆ ನಿಂತಳು.

“ನಾ ಹಚ್ಚಿಲ್ಲವಾ, ಬೇಕಾದರ ಉದುರಿಸಿಬಿಡು” ಎಂದೆ.

ಸುಳ್ಳೇಕೆ ಹೇಳಲಿ, ಮೊದಲು ನನಗೆ ಒಳಗೊಳಗೇ ಹಿಗ್ಗಾಗಿತ್ತು. ಯಾವ ಓಣಿಗೆ ಹೋದರೂ ನನ್ನ ಹೆಸರು. ನಮ್ಮ ಮನೆಯವರೂ ಚೇಷ್ಟೆ ಮಾಡುತ್ತಿದ್ದರು: “ಊರ ತುಂಬ ನಿನ್ನ ಹೆಸರು ಓಡ್ಯಾಡತೈತಿ. ಚುನಾವಣಿಗೆ ನಿಲ್ಲು.” ನಮ್ಮ ಮನೆಯವರೆಂದರೆ ನನ್ನ ಗಂಡ. ಎಣ್ಣೆಯ ಗಾಣದಲ್ಲಿ ನಲವತ್ತು ವರ್ಷ ದುಡಿದು ಬಿಟ್ಟು, ಅಂಗಳದ ಕಂಬಕ್ಕೆ ಬೆನ್ನು ಕೊಟ್ಟು ಕೂತವರು. ಗಾಣದಲ್ಲಿ ಏನು ಮಾಡಿದರೋ, ಮನೆಯಲ್ಲಿ ಮಾತ್ರ ಕುಡಿದ ಲೋಟ ಇಟ್ಟ ಜಾಗದಿಂದ ಎತ್ತಿದವರಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವ ರೂಢಿಯಿಲ್ಲ, ನಾನು ಒಮ್ಮೆಯೂ ಹೇಳಿಲ್ಲ. ಅವರು ಮಾತ್ರ ನನ್ನದನ್ನು ದಿನಕ್ಕೆ ನಲವತ್ತು ಸಲ ಕರೆಯುತ್ತಿದ್ದರು. “ತಿಪ್ಪವ್ವಾ, ನೀರು. ತಿಪ್ಪವ್ವಾ, ಅಡಕೊತ್ತು ಎಲ್ಲಿ. ತಿಪ್ಪವ್ವಾ, ಸುಮ್ಮನ ಕರದೆ.” ಬಾವಿಗೆ ಕೊಡ ಬಿಟ್ಟಂತೆ ಕೊನೆಯಲ್ಲಿ ಎಳೆದು ಬಿಡುತ್ತಿದ್ದರು. ಅಜ್ಜಿ ಹೋಗಿ, ಅವ್ವ ಹೋಗಿ, ಮಕ್ಕಳಿಗೆ ನಾನು ಅವ್ವ, ಓಣಿಗೆ ನಾನು ಯಕ್ಕ. ನನ್ನನ್ನು ನಾನಾಗಿ ಕರೆಯುವ ಬಾಯಿ ಅದೊಂದೇ ಉಳಿದಿತ್ತು.

ಹಿಗ್ಗು ಇಳಿದದ್ದು ಒಂದು ದಿನ ದಿನಸಿ ಅಂಗಡಿಯಲ್ಲಿ. ಯಾರೋ ಒಬ್ಬಾಕೆ ಬೆಲ್ಲ ತೂಗಿಸಿಕೊಳ್ಳುತ್ತ, “ಈಗಿನ ತಿಪ್ಪವ್ವಗಳಿಗೆ ಭಾಳ ಸೊಕ್ಕ ಬಂದೈತ್ರಿ” ಎಂದಳು. ಕುರಿಗಳು, ಕೋಳಿಗಳು, ತಿಪ್ಪವ್ವಗಳು. ಯಾವ ಮಾತಿಗೂ ‘ಗಳು’ ಹತ್ತಿದ ಮೇಲೆ ಅದು ಬಲಿಯಲು ಬಹಳ ದಿನ ಬೇಕಿಲ್ಲ. ‘ಚಿಗವ್ವ’ನಿಗೂ ಹಾಗೇ ಆಗಿತ್ತು, ‘ಸಹಾಯಕಿ’ಗೂ ಹಾಗೇ. ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ನಕ್ಕು, “ನಿನ್ನ ಹೆಸರು ಗಟ್ಟಿ ಐತಿ, ತಿಪ್ಯಾಗ ಬೆಳದದ್ದು, ಏನಾಗಂಗಿಲ್ಲ ತಗೋ” ಎಂದರು.

ಹದಿನೈದು ದಿನಕ್ಕೆ ಆಯಿತು. ಮುಂಜಾನೆ ನಾನು ಕಲ್ಲಂಗಳದ ಮನೆಯ ಹಿತ್ತಲಲ್ಲಿದ್ದೆ. ಒಳಗೆ ಹಾಲು ಉಕ್ಕಿತು. ಶಿವಗಂಗಕ್ಕ, “ತಿಪ್ಪವ್ವ ಎಲ್ಲಿ ಹಾಳಾಗಿ ಹೋದಳೋ” ಅಂದದ್ದು ನನಗೆ ಕೇಳಿಸಿತು. ಅದರ ಹಿಂದೆಯೇ “ಅಯ್ಯ ಶಿವನೇ” ಎಂದದ್ದೂ ಕೇಳಿಸಿತು. ಹೋಗಿ ನೋಡಿದರೆ ತಳ ಹತ್ತಿದ ಹಾಲಿನ ಪಾತ್ರೆ ಅವರ ಎಡಗೈಗೆ ಅಂಟಿ ಕೂತಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರಿಗೆ ಪಾತ್ರೆಯ ಚಿಂತೆ, ನನಗೆ ಹೆಸರಿನದು. ನಾನು ಬೂದಿ ತಂದಿಟ್ಟೆ. ಅವರು ತಿಕ್ಕಿದರು.

ಓಡುತ್ತ ಮನೆಗೆ ಬಂದೆ, ನಮ್ಮವರಿಗೆ ಮೊದಲೇ ಹೇಳಿ ಕಾಪಾಡೋಣ ಎಂದು. ಬಾಗಿಲಲ್ಲೇ ಗೊತ್ತಾಯಿತು. ಅವರು ಕಂಬದ ಹತ್ತಿರ ಜೋಳದ ಮೊರವನ್ನು ಎರಡೂ ಕೈಗೆ ಅಂಟಿಸಿಕೊಂಡು, ಹುಟ್ಟಿದಾಗಿನಿಂದ ಕಾಳು ಕೇರಿ ಗೊತ್ತಿಲ್ಲದ ಮನುಷ್ಯ, ಜೋಳವನ್ನೆಲ್ಲ ಅಂಗಳಕ್ಕೆ ಹಾರಿಸಿ ಹೊಟ್ಟನ್ನು ಮೊರದಲ್ಲಿ ಉಳಿಸಿಕೊಂಡು ಕೂತಿದ್ದರು. ಕೋಳಿಗಳಿಗೆ ಹಬ್ಬ.

“ನಾ ನೀರು ಕೇಳಿದ್ದೆ ಅಷ್ಟ” ಎಂದರು.

ಅವತ್ತಿನಿಂದ ಅವರು ನನ್ನನ್ನು ಕರೆಯುವುದು ಬಿಟ್ಟರು. ಕೆಮ್ಮುವುದು, ಕಂಬ ಬಡಿಯುವುದು, ಚಪ್ಪಾಳೆ ತಟ್ಟುವುದು. ಚಪ್ಪಾಳೆ ತಟ್ಟಿದರೆ ನಾನು ಬರುವುದಿಲ್ಲ ಎಂದ ಮೇಲೆ ಅದನ್ನು ಬಿಟ್ಟು ‘ಹೂಂ’ ಅನ್ನತೊಡಗಿದರು. ನಲವತ್ತು ವರ್ಷ ಹೆಸರು ಕೇಳಿದ ಕಿವಿಗೆ ಆ ‘ಹೂಂ’ ಎಮ್ಮೆಯ ಕೊಟ್ಟಿಗೆಯಿಂದ ಬಂದಂತೆ ಕೇಳುತ್ತಿತ್ತು.

ನಾನು ಜಗಳಗಂಟಿಯಲ್ಲ. ಆದರೂ ಆ ಸಲ ಕಟ್ಟೆಗೆ ಹೋದೆ. ಮಾಸ್ತರರು ಕೂತಿದ್ದರು, ಸಾಹುಕಾರರಿದ್ದರು, ಇನ್ನೂ ನಾಲ್ಕು ಮಂದಿ. “ನನ್ನ ಹೆಸರು ನನಗ ತಿರಗಿ ಕೊಡ್ರಿ” ಎಂದೆ. ಮಾಸ್ತರರು ಮೆತ್ತಗೆ, “ಬಲಿತದ್ದನ್ನ ನಾವು ಹೆಂಗ ಕೊಡೋದವಾ? ನೀ ಬ್ಯಾರೆ ಹೆಸರು ಇಟ್ಕೋ. ಸುಲೋಚನಾ ಅಂತ ಇಟ್ಕೋ. ಅರ್ಥ ಚಂದ ಐತಿ” ಎಂದರು.

ಅದನ್ನೂ ನೋಡಿದೆವು. ಮರುದಿನ ನಮ್ಮವರು ಗಂಟಲು ಸರಿಮಾಡಿಕೊಂಡು “ಸುಲೋಚನಾ” ಎಂದರು. ಯಾರು ಬಂದರಪ್ಪ ಎಂದು ನಾನು ಬಾಗಿಲಿಗೆ ಹೋಗಿ ನೋಡಿದೆ. ಅವರೂ ನನ್ನ ಹಿಂದೆ ಬಂದು ನೋಡಿದರು. ಅಲ್ಲಿಗೆ ಸುಲೋಚನಾ ಮುಗಿಯಿತು.

ಹೊಸ ಮಾತು ಹುಡುಕಲು ಮಾಸ್ತರರಿಗೆ ಇನ್ನು ಚೈತನ್ಯ ಇರಲಿಲ್ಲ. ಕೆಲಸಕ್ಕೆ ಜನ ಬೇಕಾದವರು ನಮ್ಮಂಥವರ ಬಾಗಿಲ ಮುಂದೆ ಬಂದು ಚಿಲಕ ಅಲ್ಲಾಡಿಸಿ ನಿಲ್ಲುವುದಾಯಿತು. ಹೀಗೆ ಮೂರು ತಿಂಗಳು.

ಆ ಹೊತ್ತಿಗೆ ಕಲ್ಲಂಗಳದ ಮನೆಯ ಸೊಸೆ ಇಂದುಮತಿ ಹಡೆದಳು. ಹೆಣ್ಣು ಕೂಸು. ಇದಕ್ಕೆ ಮೊದಲು ಎರಡು ಹುಟ್ಟಿ, ತಿಂಗಳು ತುಂಬುವುದರೊಳಗೆ ಎರಡೂ ಹೋಗಿದ್ದವು. ಆ ಹುಡುಗಿ ಕೂಸನ್ನು ಎದೆಗೆ ಅವಚಿಕೊಂಡು ಯಾರಿಗೂ ಕೊಡದೆ, ನಿದ್ದೆಯಲ್ಲೂ ಬೆರಳನ್ನು ಅದರ ಮೂಗಿನ ಹತ್ತಿರ ಇಟ್ಟುಕೊಂಡು ಮಲಗುತ್ತಿದ್ದಳು. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂತು. ಈ ಸಲ ಕೀಳು ಹೆಸರೇ ಇಡಬೇಕು ಎಂದು ಮನೆಯಲ್ಲಿ ಮಾತಾಯಿತು. ಶಿವಗಂಗಕ್ಕ ಬೆರಳು ಮಡಿಚಿದರು: “ಗುಂಡವ್ವ ಅನ್ನೋಣು, ಕಲ್ಲವ್ವ ಅನ್ನೋಣು, ಅಡಿವೆವ್ವ ಅನ್ನೋಣು.”

“ಅವೆಲ್ಲಾ ಈಗ ಕೀಳಲ್ಲತ್ತಿ” ಎಂದಳು ಇಂದುಮತಿ. “ಗುಂಡವ್ವ ಅನ್ನಾಕಿ ಪಂಚಾಯತಿ ಮೆಂಬರ್ ಆಗ್ಯಾಳ.”

ನಾನು ಬಾಣಂತಿಗೆ ನೀರು ಕಾಯಿಸುತ್ತ ಕೂತಿದ್ದೆ. ನನಗೆ ನೇಕಾರ ಓಣಿಯ ಆ ಹುಡುಗಿ ನೆನಪಾದಳು. ಒಲೆಗೆ ಒಂದು ಕಟ್ಟಿಗೆ ದೂಡಿ, “ಯಮಗ ಕೀಳ ಬೇಕಂದರ, ಊರಾಗ ಈಗ ನನ್ನ ಹೆಸರಿಗಿಂತ ಕೀಳು ಯಾವುದೈತ್ರಿ ಅಕ್ಕಾರ? ಬಾಯಾಗ ಹಾಕ್ಕೊಳ್ಳಾಕೂ ಮಂದಿ ಅಂಜತಾರ” ಎಂದೆ.

ಶಿವಗಂಗಕ್ಕನ ಮುಖ ಕೆಂಪಾಯಿತು. “ಏನಬೇ, ನಮ್ಮನಿ ಕೂಸಿಗೆ ಆ ಹೆಸರಾ?”

“ನೂರಕ್ಕ ನೂರು ಅದ” ಎಂದಳು ಇಂದುಮತಿ. ಅಷ್ಟು ದಿನದಲ್ಲಿ ಅವಳ ದನಿ ಎದ್ದು ನಿಂತದ್ದು ಅದೇ ಮೊದಲು. “ಅರವತ್ತು ವರ್ಷದಿಂದ ಆಕಿನ್ನ ಯಮ ಮುಟ್ಟಿಲ್ಲ. ನನಗ ಅದ ಹೆಸರು ಬೇಕು. ಇಟ್ಟು ಬಿಟ್ಟರ ಆಗಂಗಿಲ್ಲ, ಬಾಯಿ ತುಂಬ ಕರೀಬೇಕು. ಕರೀದಿದ್ದರ ಹೆಸರು ಇಟ್ಟಂಗಲ್ಲ. ಕರೆಯೋರು ಇರ್ರಿ, ಇಲ್ಲಂದರ ನಾ ಕೂಸು ತಗೊಂಡು ತವರಿಗೆ ಹೋಗ್ತೀನಿ.”

ನನಗೆ ನನ್ನ ಹೆಸರಿನ ಆಸೆ ಇತ್ತು, ಇಲ್ಲವೆನ್ನುವುದಿಲ್ಲ. ಕೂಸು ಬದುಕಬೇಕೆಂಬುದೂ ಇತ್ತು. ಎರಡರಲ್ಲಿ ಯಾವುದು ಮೊದಲು ಬಾಯಿಗೆ ಬಂತೋ ನನಗೇ ತಿಳಿಯದು.

ತೊಟ್ಟಿಲ ದಿನ ಸಾಹುಕಾರರ ಮಗಳು ನಿರ್ಮಲಾ ಗಂಡನ ಊರಿಂದ ರೇಷ್ಮೆ ಸೀರೆ ಉಟ್ಟು ಬಂದಳು. ಸೋದರತ್ತೆ ಅವಳೇ, ಕಿವಿಯಲ್ಲಿ ಹೆಸರು ಹೇಳುವವಳೂ ಅವಳೇ. ಹೇಳುವಾಗ ಸುತ್ತಲಿನ ಹೆಂಗಸರು ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ನಿರ್ಮಲಾ ತೊಟ್ಟಿಲಿಗೆ ಬಗ್ಗಿ, “ಕುರ್‍ರ್... ತಿಪ್ಪವ್ವ” ಎಂದಳು. ಹೆಂಗಸರು ಗುದ್ದಿದರು. ಅದೇ ಹೊತ್ತಿಗೆ ಗುಗ್ಗರಿಯ ಹರಿವಾಣ ಸರಕ್ಕನೆ ಬಂದು ಅವಳ ಕೈಗೆ ಅಂಟಿತು. ಪಾಪ, ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ ಎಂಬತ್ತು ಮಂದಿಗೆ ಗುಗ್ಗರಿ ಹಂಚಿದಳು. ಪದ್ಧತಿಯಂತೆ ಮೂರು ಸಲ ಹೆಸರು ಹೇಳಬೇಕಿತ್ತು. ಎರಡನೆಯ ಸಲಕ್ಕೆ ಎಂಜಲೆಲೆ, ಮೂರನೆಯ ಸಲಕ್ಕೆ ಕೊಪ್ಪರಿಗೆ. “ಇನ್ನೊಮ್ಮೆ ನಿಮ್ಮ ಮನಿಗೆ ಹೆಸರಿಡಾಕ ಬಂದರ ಕೇಳು” ಎಂದು ತಾಯಿಗೆ ಹೇಳಿ ಸಂಜೆಯ ಬಸ್ಸು ಹಿಡಿದಳು.

ಅಲ್ಲಿಂದ ಮುಂದೆ ಕಲ್ಲಂಗಳದ ಮನೆಯ ಚಂದ ನೋಡಬೇಕಿತ್ತು. ಕೂಸು ಗುಂಡುಗುಂಡಾಗಿ, ನಕ್ಕರೆ ಎರಡೂ ಗಲ್ಲದಲ್ಲಿ ಗುಳಿ ಬೀಳುವಂಥದ್ದು. ಕರೆಯದೆ ಇರಲು ಯಾರಿಗೂ ಆಗದು. ಕರೆದರೆ ಕೆಲಸ. ಸಾಹುಕಾರರು ಮುಂಜಾನೆ ಪೂಜೆ ಮುಗಿಸಿ ತೊಟ್ಟಿಲ ಹತ್ತಿರ ಬಂದು ಒಂದು ಗಳಿಗೆ ತಡೆದುಕೊಂಡು ನಿಲ್ಲುವರು. ಕೂಸು ಕಾಲು ಬಡಿಯುವುದು. “ಏನವಾ ನನ್ನ ತಿಪ್ಪವ್ವ” ಎಂದುಬಿಡುವರು. ಆಮೇಲೆ ಧೋತರದ ಚುಂಗು ಸಿಕ್ಕಿಸಿ ಕೂಸಿನ ದುಪಟಿ ತೊಳೆಯಲು ಹಿತ್ತಲಿಗೆ ನಡೆಯುವರು. ಒಂದು ದಿನ ಉಪಾಯ ಮಾಡಿ ಕೂಸನ್ನು ಮಾಳಿಗೆಗೆ ಎತ್ತಿಕೊಂಡು ಹೋದರು, ಅಲ್ಲಿ ಕೆಲಸ ಏನಿದ್ದೀತು ಎಂದು. ಒಣಹಾಕಿದ್ದ ಎರಡು ಚೀಲ ಮೆಣಸಿನಕಾಯಿ ಇತ್ತು. ತೊಟ್ಟು ಮುರಿದು ಇಳಿಯುವಾಗ ಕಣ್ಣು ಮೂಗು ಒಂದಾಗಿತ್ತು. ಕೂಸು ಮಾತ್ರ ನಗುತ್ತಲೇ ಇತ್ತು.

ನನಗೆ ಕೆಲಸವೇ ಉಳಿಯಲಿಲ್ಲ. ಹೊಸ್ತಿಲ ಮೇಲೆ ಕೂತು ಕೈ ತುರಿಸಿಕೊಳ್ಳುವುದಾಯಿತು. ಒಂದು ದಿನ ಶಿವಗಂಗಕ್ಕ ಹಾಲಿನ ಪಾತ್ರೆ ತಿಕ್ಕುತ್ತ, ಬೆವರು ಒರೆಸಿಕೊಂಡು, “ಇದರ ತಳ ದಿನಾ ಹಿಂಗ ಹತ್ತತೈತೇನ?” ಎಂದು ಕೇಳಿದರು.

“ಮೂವತ್ತೊಂದು ವರ್ಷದಿಂದ ಹತ್ತತೈತ್ರಿ” ಎಂದೆ. “ಬೆಂಕಿ ಸಣ್ಣ ಇಡ್ರಿ ಅಂತ ಹೇಳೂನು ಅಂದರ ನೀವು ಕೇಳಿರಲಿಲ್ಲ.”

ಮರುದಿನ ಬೆಂಕಿ ಸಣ್ಣದಿತ್ತು.

ತಿಂಗಳು ತುಂಬಿತು, ಕೂಸು ಉಳಿಯಿತು. ಮೂರು ತುಂಬಿತು, ಬೋರಲು ಬಿತ್ತು. ಇಂದುಮತಿ ಬೆರಳನ್ನು ಅದರ ಮೂಗಿನ ಹತ್ತಿರ ಇಡುವುದನ್ನು ಬಿಟ್ಟು ತಾನೂ ನಿದ್ದೆ ಮಾಡಿದಳು. ಕರೆಯುವುದು ಮಾತ್ರ ಎಲ್ಲರದೂ ನಡೆದೇ ಇತ್ತು. ಅಂಬೆಗಾಲಿಡುವ ಹೊತ್ತಿಗೆ ಒಂದು ಮಧ್ಯಾಹ್ನ ಸಾಹುಕಾರರು ಹಿತ್ತಲಲ್ಲಿ ದುಪಟಿ ಹಿಂಡುತ್ತ ನಿಂತಿದ್ದರು. ಕೂಸು ಬಾಗಿಲಿಗೆ ಬಂತು. “ಬಾರವಾ ತಿಪ್ಪವ್ವ” ಎಂದರು. ದುಪಟಿ ಅವರ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಅದು ಯಾಕೆ ಬಿತ್ತೆಂದು ಅವರು ಗಮನಿಸಲಿಲ್ಲ. ಬಗ್ಗಿ ಎತ್ತಿಕೊಂಡು ಮತ್ತೆ ಹಿಂಡಿದರು. ನಾನು ಗಮನಿಸಿದೆ. ಅವರ ಕೈ ನೋಡಿದೆ, ಕಲ್ಲು ನೋಡಿದೆ. ಕೂಸು ಮತ್ತೊಮ್ಮೆ ಕರೆಸಿಕೊಂಡಿತು. ಸುತ್ತ ಬೇಕಾದಷ್ಟು ಕೆಲಸ ಬಿದ್ದಿತ್ತು. ಒಂದೂ ಅಲ್ಲಾಡಲಿಲ್ಲ.

ನಾನು ಚಪ್ಪಲಿ ಮರೆತು ಮನೆಯ ಕಡೆ ನಡೆದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡೆ. ಕರೀರಿ, ಇನ್ನ ಅಂಜಬ್ಯಾಡ್ರಿ, ಬಾಯಿ ತುಂಬ ಕರೀರಿ ಎಂದು. ಅಂಗಳಕ್ಕೆ ಬಂದೆ. ಕಂಬದ ಹತ್ತಿರ ಅವರಿರಲಿಲ್ಲ. ಒಳಗೆ ಏನೋ ಸಪ್ಪಳ. ಕಿಟಕಿಯಿಂದ ಇಣುಕಿದೆ.

ಅವರು ಪಂಜೆ ಮೇಲಕ್ಕೆ ಕಟ್ಟಿ ನೆಲ ಒರೆಸುತ್ತಿದ್ದರು. ಒಲೆಯ ಬೂದಿ ತೆಗೆದಾಗಿತ್ತು. ಗಂಗಾಳ, ಲೋಟ, ಚರಿಗೆ ಎಲ್ಲ ತೊಳೆದು ಬೋರಲು ಹಾಕಿದ್ದರು. ಕೊಡ ತುಂಬಿತ್ತು. ಹಾಸಿಗೆ ಮಡಿಚಿತ್ತು, ಸೊಟ್ಟಗಾದರೂ ಮಡಿಚಿತ್ತು. ಜೋಳ ಕೇರಿ ಡಬ್ಬಿಗೆ ತುಂಬಿದ್ದರು. ಅಂಗಳದ ಕೋಳಿಗಳು ಈ ಸಲ ಹಸಿದುಕೊಂಡು ತಿರುಗುತ್ತಿದ್ದವು. ನೆಲ ಮುಗಿಸಿ, ಅರಿವೆ ಹಿಂಡಿ ಹಗ್ಗಕ್ಕೆ ಹಾಕಿ, ಅವರು ಮನೆಯ ನಡುವೆ ನಿಂತು ಸುತ್ತಲೂ ನೋಡಿದರು. ಕಳ್ಳ ನೋಡುವ ಹಾಗೆ ಒಂದೊಂದೇ ಮೂಲೆ ನೋಡಿದರು. ಗೂಟಕ್ಕೆ ತೂಗುಬಿಟ್ಟಿದ್ದ ನನ್ನ ಹಳೆಯ ಕುಪ್ಪಸದ ಗುಂಡಿ ಕಿತ್ತಿದ್ದು ಕಣ್ಣಿಗೆ ಬಿತ್ತು. ಸೂಜಿ ಹುಡುಕಿ, ನಾಲ್ಕು ಸಲ ಬೆರಳು ಚುಚ್ಚಿಕೊಂಡು ಹಚ್ಚಿದರು. ಮತ್ತೆ ನೋಡಿದರು. ಮಾಡುವ ಕೆಲಸ ಒಂದೂ ಉಳಿದಿರಲಿಲ್ಲ, ಅಂಟುವುದಕ್ಕೆ ಏನೂ ಇರಲಿಲ್ಲ. ಆಮೇಲೆ ಹೊರಗೆ ಬಂದು, ಕಂಬಕ್ಕೆ ಬೆನ್ನು ಕೊಟ್ಟು ಕೂತು, ಎರಡೂ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಬಾವಿಗೆ ಕೊಡ ಬಿಟ್ಟ ಹಾಗೆ,

“ತಿಪ್ಪವ್ವಾ” ಎಂದರು.

ಕೈ ನೋಡಿಕೊಂಡರು. ಖಾಲಿ ಇತ್ತು. ಮುಖವೆಲ್ಲ ಬೆಳಕಾಯಿತು.

“ಓ” ಎಂದೆ ಗೋಡೆಯ ಮರೆಯಿಂದ. “ಏನ್ರಿ?”

“ಏನಿಲ್ಲ. ಸುಮ್ಮನ ಕರದೆ.”

ಇದಾಗಿ ಆರು ವರ್ಷವಾಯಿತು. ಕಲ್ಲಂಗಳದ ತಿಪ್ಪವ್ವ ಈಗ ಶಾಲೆಗೆ ಹೋಗುತ್ತಾಳೆ, ಮಾಸ್ತರರಿಗೇ ತಿರುಗಿ ಪಾಠ ಹೇಳುತ್ತಾಳಂತೆ. ಹೆಸರು ಎಳೆಯದಾಗಿದೆ ಎಂದು ಊರಿಗೆಲ್ಲ ಗೊತ್ತು. ನಮ್ಮ ಮನೆಯವರು ಮಾತ್ರ ಅಂಗಳ ಬಿಟ್ಟು ಎಲ್ಲೂ ಹೋಗುವವರಲ್ಲ, ಬಂದವರ ಮಾತು ಕಿವಿಗೆ ಹಾಕಿಕೊಳ್ಳುವವರೂ ಅಲ್ಲ. ದಿನಾ ಮುಂಜಾನೆ ಎದ್ದು ಮನೆಯ ಕೆಲಸವೆಲ್ಲ ಮುಗಿಸಿ, ಮೂಲೆ ಮೂಲೆ ನೋಡಿ, ಆಮೇಲೆ ನನ್ನನ್ನು ಕರೆಯುತ್ತಾರೆ. ನಾನು ಓ ಅನ್ನುತ್ತೇನೆ. ಹೇಳಬೇಕು ಹೇಳಬೇಕು ಅಂದುಕೊಳ್ಳುತ್ತೇನೆ. ಇನ್ನೂ ಹೇಳಿಲ್ಲ.